ಬಾಣಂತಿ ಮನೆಗೆ ಮೂರು ಸೈಕಲ್

ಬೂಟುಗಳು ತಾತನ ಕಾಲಲ್ಲಿ ಇರುತ್ತಿರಲಿಲ್ಲ, ಕೊರಳಲ್ಲಿರುತ್ತಿದ್ದವು. ಸೆಕ್ಯುರಿಟಿ ಏಜೆನ್ಸಿ ಕೊಟ್ಟ ಕಪ್ಪು ಬೂಟುಗಳ ಲೇಸು ಗಂಟು ಹಾಕಿ, ಕುತ್ತಿಗೆಯಿಂದ ಇಳಿಬಿಟ್ಟುಕೊಂಡು, ಬರಿಗಾಲಲ್ಲಿ ಕೆರೆ ಏರಿಯ ಮೇಲೆ ಓಡಾಡುತ್ತಿದ್ದರು. ಅಗಲವಾಗಿ ಹರಡಿದ ಬೆರಳುಗಳು, ಕೆಸರಿನ ಬಣ್ಣ ಹತ್ತಿ ಹೋದ ಉಗುರುಗಳು. ಸೂಪರ್‌ವೈಸರ್ ಬೈಕಿನ ಸದ್ದು ಕೇಳಿದರೆ ಮಾತ್ರ ಬೂಟು ಕಾಲಿಗಿಳಿಯುತ್ತಿತ್ತು. "ಮೆಟ್ಟು ಆಕ್ಕೊಂಡು ನಡೆದ್ರೆ ಏರಿ ಎಲ್ಲಿ ಜಿನುಗ್ತಾ ಐತೆ ಅಂತ ಕಾಲಿಗೆ ಎಂಗವ್ವ ಗೊತ್ತಾಯ್ತದೆ?" ಎನ್ನುತ್ತಿದ್ದರು.

ಸಿಂಗಸಂದ್ರದ ಆಚೆ, ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಕೆರೆಗೆ ಅವರ ಮನೆತನದವರೇ ನೀರಗಂಟಿಗಳು. ತೂಬು ಎತ್ತುವುದು, ಗದ್ದೆಗಳಿಗೆ ನೀರು ಹಂಚುವುದು ಅವರಪ್ಪ, ಅಜ್ಜ ಮಾಡಿಕೊಂಡು ಬಂದ ಕೆಲಸ. ಗದ್ದೆಗಳೆಲ್ಲ ನಮ್ಮಂಥವರ ಬೆಡ್‌ರೂಮುಗಳಾದವು. ಆಮೇಲೆ ಅವರಿಗೊಂದು ನೀಲಿ ಶರ್ಟು, ಸೀಟಿ ಕೊಟ್ಟು ಅದೇ ಕೆರೆಗೆ ಕಾವಲು ನಿಲ್ಲಿಸಿದರು. ನನ್ನ ಮಗಳಿಗೆ ತಾತ, ಹಾಗಾಗಿ ನನಗೂ ತಾತ. ನಾವು ದಾವಣಗೆರೆಯವರು. ಈ ಊರಿಗೆ ಬಂದ ಮೇಲೆ "ಉಂಡ್ಯೇನವ್ವ?" ಎಂದು ನನ್ನನ್ನು ದಿನಾ ಕೇಳಿದ ಪ್ರಾಣಿ ಅವರೊಬ್ಬರೇ. ಮಗಳ ಸೈಕಲ್ಲಿನ ಸೀಟು ಹಿಡಿದು, ಏರಿಯ ಉದ್ದಕ್ಕೂ ಓಡಿ ಓಡಿ, ಅವಳಿಗೆ ಸೈಕಲ್ ಕಲಿಸಿದ್ದೂ ಅವರೇ. ನನಗೂ ನನ್ನ ಗಂಡನಿಗೂ ಆಗ ಪುರುಸೊತ್ತಿರಲಿಲ್ಲ.

ಕೆರೆಯ ನಡುವೆ ಜಾಲಿ ಮರಗಳ ಒಂದು ನಡುಗಡ್ಡೆ. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿಗೊಂದು ಮಣ್ಣಿನ ದಾರಿ ತೆರೆದುಕೊಳ್ಳುತ್ತದೆ. ಮರದ ತುಂಬ ಬಣ್ಣದ ಕೊಕ್ಕರೆ, ನೀರುಕಾಗೆ. ಬುಡದಲ್ಲಿ ಆಮೆ, ಮುಂಗುಸಿ. ಅದನ್ನು ಸೈಕಲ್ಲಿನಲ್ಲಿ ಸುತ್ತಬೇಕೆಂದು ಮಗಳು ಹಟ ಹಿಡಿದಿದ್ದಳು. ತಾತ, "ಸುತ್ತೀಯಂತೆ ಬಿಡು ಮಗ. ಓಗ್ಬಾರ್ದ ದಿನ ನಾನು ಗುರ್ತು ಕಟ್ಟಿರ್ತೀನಿ, ಅದೊಂದು ನೋಡ್ಕಳಿ" ಎಂದಿದ್ದರು. ಗುರುತು ಎಂದರೆ ನಮ್ಮ ತಲೆಯಲ್ಲಿ ಬೋರ್ಡು. ಕೆಂಪು ಅಕ್ಷರ, ಅಡ್ಡಗೆರೆ.

ಯುಗಾದಿ ಕಳೆದ ಭಾನುವಾರ ಬುತ್ತಿ ಕಟ್ಟಿಕೊಂಡು ಮೂವರೂ ಹೊರಟೆವು. ತಾತ ಕೆರೆಯ ಆ ತುದಿಯಲ್ಲಿ ಕಾಲುವೆಯ ಕಸ ತೆಗೆಯುತ್ತಿದ್ದರು. ಬೋರ್ಡು ಎಲ್ಲೂ ಇರಲಿಲ್ಲ. ಮಣ್ಣಿನ ದಾರಿಗೆ ಅಡ್ಡವಾಗಿ ಎರಡು ಗೂಟ, ಒಂದು ಹಗ್ಗ, ಹಗ್ಗಕ್ಕೆ ಅರೆಬಾಡಿದ ಬೇವಿನ ಸೊಪ್ಪು.

"ಹಬ್ಬದ ತೋರಣ, ತೆಗಿಯೋದು ಮರ್ತಾರೆ" ಎಂದರು ನನ್ನ ಗಂಡ.

ಹೌದೆನ್ನಿಸಿತು. ನಾನೇ ಗಂಟು ಬಿಚ್ಚಿದೆ. ಪ್ಲಾಸ್ಟಿಕ್ ಅಲ್ಲವಲ್ಲ ಎಂದು ಸೊಪ್ಪನ್ನು ನೀರಿಗೆಸೆದೆ. ಏನೋ ಸ್ವಚ್ಛ ಮಾಡಿದೆನೆಂಬ ಹೆಮ್ಮೆ ಬೇರೆ!

ಮಗಳು ಗಂಟೆ ಬಾರಿಸುತ್ತ ಮುಂದೆ ಹೋದಳು. ಎರಡನೇ ಸುತ್ತಿಗೆ ಜಾಲಿ ಮರಗಳೇ ಎದ್ದುಬಿಟ್ಟಂತೆ ಕೊಕ್ಕರೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಮಗಳು ಕಾಲೂರಿ ನಿಂತು ಚಪ್ಪಾಳೆ ತಟ್ಟಿದಳು. ಆಮೇಲೆ ಕಾಗೆ ಬಂದವು, ಹದ್ದು ಬಂದವು. ತಾಯಿ ಬಿಟ್ಟೆದ್ದ ಗೂಡುಗಳಿಂದ ಇನ್ನೂ ರೆಕ್ಕೆ ಬಲಿಯದ ಮರಿಗಳನ್ನು ನಮ್ಮ ಕಣ್ಣೆದುರೇ ಎತ್ತಿಕೊಂಡು ಹೋದವು. ಅವಳ ಚಪ್ಪಾಳೆ ನಿಂತಿತು.

ಸೀಟಿ ಊದುತ್ತ ತಾತ ಓಡಿ ಬಂದರು, ಬೂಟುಗಳು ಎದೆಗೆ ಬಡಿಯುತ್ತಿದ್ದವು. ನೀಲಿ ಶರ್ಟು ಬಿಚ್ಚಿ ಬೀಸುತ್ತ ಕಾಗೆ ಓಡಿಸಿದರು. ಏದುಸಿರು ಬಿಡುತ್ತಲೇ, "ಬೇವು ಕಟ್ಟಿದ್ನಲ್ಲವ್ವ. ಬಾಣಂತಿ ಮನೆ ಬಾಗ್ಲಿಗೆ ಬೇವು ಕಟ್ಟಿದ್ಮ್ಯಾಲೆ ಒಳಿಕ್ ಓಗ್ತಾರಾ ಯಾರಾದ್ರೂ?" ಎಂದರು. ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಏನಾದರೂ ಅನ್ನಬಹುದಿತ್ತು. ಅಳುತ್ತಿದ್ದ ಮಗಳ ತಲೆ ಸವರಿ, "ನೀನು ಅಳ್ಬ್ಯಾಡ ಮಗ, ನಿಂಗೇನ್ ಗೊತ್ತು" ಎಂದು ನಮ್ಮನ್ನು ಕಳಿಸಿದರು. ಸಂಜೆ ಬಾಲ್ಕನಿಯಿಂದ ನೋಡಿದರೆ ಇನ್ನೂ ಅಲ್ಲೇ ಶರ್ಟು ಬೀಸುತ್ತಿದ್ದರು.

ಏರಿಯ ಮೇಲಿಂದ ಯಾರೋ ತೆಗೆದ ವಿಡಿಯೋ ಅಪಾರ್ಟ್‌ಮೆಂಟಿನ ಗ್ರೂಪಿಗೆ ಬಿತ್ತು. ದೂರದಿಂದ ಹೆಲ್ಮೆಟ್ ಹಾಕಿದ ಮೂರು ಸೈಕಲ್, ಅಷ್ಟೇ. ಯಾರೆಂದು ಗೊತ್ತಾಗುವಂತಿರಲಿಲ್ಲ. ಸೆಕ್ಯುರಿಟಿ ಏನು ನಿದ್ದೆ ಹೊಡೀತಿದ್ನಾ ಎಂದು ಎಲ್ಲರೂ ಕೂಗಾಡಿದರು. ಕೆರೆ ಸಮಿತಿ ತಾತನನ್ನು ಕರೆಸಿತು. ಆ ಸಮಿತಿಯ ಕಾರ್ಯದರ್ಶಿ ನಾನು. ನಡಾವಳಿ ಪುಸ್ತಕ ಬಿಚ್ಚಿಕೊಂಡು, ಪೆನ್ನು ಹಿಡಿದು ಕೂತಿದ್ದೆ.

"ಯಾರವರು? ನೋಡಿದೀಯಲ್ಲ, ಹೇಳು" ಎಂದರು ಅಧ್ಯಕ್ಷರು.

ತಾತ ಒಂದು ಗಳಿಗೆ ನನ್ನನ್ನು ನೋಡಿದರು. ನಾನು ಪುಸ್ತಕ ನೋಡಿದೆ.

"ಮಕ್ಳು ಮರಿ ಇರೋರು ಸಾ, ಗೊತ್ತಾಗ್ದೆ ಬಂದವ್ರೆ. ನಾನೇ ಗುರ್ತು ಸರ್ಯಾಗಿ ಕಟ್ಟಿರ್ನಿಲ್ಲ."

'ಕಾವಲುಗಾರನ ನಿರ್ಲಕ್ಷ್ಯದಿಂದ' ಎಂದು ನನ್ನ ಕೈಯಾರೆ ಬರೆದೆ. ಅಕ್ಷರ ದುಂಡಗೆ ಬಂದಿತ್ತು, ಹಾಳಾದ್ದು.

ಅವತ್ತೇ ಅವರು ಶರ್ಟು, ಸೀಟಿ, ಬೂಟು ತಂದು ಆಫೀಸಿನ ಮೇಜಿನ ಮೇಲಿಟ್ಟರು. ಬೂಟಿನ ಅಟ್ಟೆ ಸವೆದೇ ಇರಲಿಲ್ಲ.

ಸಮಿತಿ ಕೆರೆ ಕಾವಲು ಬಿಡಿಸಿದ ಮೇಲೆ ಅವರು ಊರೊಳಗಿನ ಮನೆಯಿಂದ ಹೊರಗೆ ಬಂದದ್ದನ್ನು ನಾನು ಕಾಣೆ. ನಿಜ ಹೇಳಿಬಿಡುತ್ತೇನೆ, ಕಾಲು ಹಿಡಿಯುತ್ತೇನೆ ಎಂದು ಮಳೆಗಾಲದಲ್ಲಿ ಒಂದು ದಿನ ಗಟ್ಟಿ ಮನಸ್ಸು ಮಾಡಿ ಹೋದೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಮೊಮ್ಮಗಳು ಹೆತ್ತಿದ್ದಳಂತೆ. ಗುರುತು ಈ ಸಲ ಚೆನ್ನಾಗಿ ಅರ್ಥವಾಯಿತು. ಒಳಗಿಂದ ಅವರ ಕೆಮ್ಮು ಕೇಳುತ್ತಿತ್ತು. ಹೊರಗೆ ನಿಂತೇ ಕೂಗಿದ್ದರೆ ಬರುತ್ತಿದ್ದರು. ಬೇವನ್ನೇ ನೆಪ ಮಾಡಿಕೊಂಡು, ಬಾಣಂತನ ಮುಗಿಯಲಿ ಎಂದು ನನಗೆ ನಾನೇ ಹೇಳಿಕೊಂಡು, ವಾಪಸ್ ಬಂದೆ. ಬಾಣಂತನ ಮುಗಿಯುವ ಮೊದಲೇ ತಾತ ತೀರಿಕೊಂಡರು.

ಸುದ್ದಿ ಕೇಳಿ ಮಗಳು ಅತ್ತಳು. ಆಮೇಲೆ, "ಅಮ್ಮ, ಅವತ್ತು ಸೊಪ್ಪು ಬಿಚ್ಚಿದ್ದು ನೀನು ಅಂತ ಎಲ್ರಿಗೂ ಹೇಳಿದೆ ತಾನೆ? ತಾತಂಗೆ ಸಾರಿ ಕೇಳಿದೆ ತಾನೆ?" ಎಂದಳು.

"ಹ್ಞೂಂ ಪುಟ್ಟಿ, ಆಗ್ಲೇ ಕೇಳ್ದೆ" ಎಂದೆ.