ಕಡಲ್ಗಳ್ಳರ ಹಡಗಿನಲ್ಲಿ ಕವಳ

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನರಸಿಂಹರಾಜಪುರದ ನಮ್ಮ ಮನೆಗೆ ತಂಗಿಯನ್ನು ನೋಡಲು ಬಂದ ಏಳನೆಯ ಸಂಬಂಧದವರು ಕೇಸರಿಬಾತು ತಿಂದು, ಕೈ ತೊಳೆದು, ಫೋನ್ ಮಾಡುತ್ತೇವೆ ಎಂದು ಹೊರಟರು. ಅವರ ಜೀಪು ತಿರುವು ದಾಟುತ್ತಿದ್ದಂತೆ ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ರಾಜಾಜ್ಞೆ ಹೊರಡಿಸಿದಳು. ಇನ್ನು ಮುಂದೆ ವಧುಪರೀಕ್ಷೆಗೆಂದು ಈ ಮನೆಯಲ್ಲಿ ರವೆ ಹುರಿಯುವುದಿಲ್ಲ. ನೋಡಬೇಕೆಂದಿರುವವರು ಅವಳು ಹೇಳಿದ ಜಾಗಕ್ಕೆ ಬರಲಿ.

ಆಜ್ಞೆಯ ಎರಡನೆಯ ಕಲಮು ನನ್ನ ಮೇಲಿತ್ತು. ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನ ನಾನು. ಎಲೆ, ಅಡಿಕೆ, ಸುಣ್ಣ, ಚೂರು ತಂಬಾಕು ಸೇರಿದ ಕವಳವೊಂದು ದವಡೆಯಲ್ಲಿಲ್ಲದೆ ಯಜಮಾನಿಕೆ ನಡೆಸುವುದು ನನಗೆ ಬಾರದು. ಆ ಏಳನೆಯವರು ಕೇಳಿದ್ದಕ್ಕೆಲ್ಲ ನಾನು ತುಂಬಿದ ಬಾಯಲ್ಲಿ ಗಂಭೀರವಾಗಿ "ಊಂ" ಎಂದಿದ್ದೆ. ಮದುವೆಯಾದ ಮೇಲೆ ಹುಡುಗಿ ಶಾಲೆಯ ಕೆಲಸ ಬಿಡುತ್ತಾಳಲ್ಲವೇ ಎಂಬ ಪ್ರಶ್ನೆಗೂ ಊಂ ಎಂದಿದ್ದೆ. ಒಳಗಿದ್ದ ತಂಗಿ ಹೊರಗೆ ಬಂದು, ಬಿಡುವುದಿಲ್ಲ ಎಂದು ತಾನೇ ಹೇಳಬೇಕಾಯಿತು. ಅವರ ಫೋನು ಇವತ್ತಿನವರೆಗೆ ಬಂದಿಲ್ಲ.

"ಇನ್ನೊಂದು ಸಲ ನನ್ನ ಬದುಕಿನ ವಿಚಾರಕ್ಕೆ ನೀನು ಕವಳ ಹಾಕ್ಕಂಡು ಕೂತ್ರೆ, ಆ ಸಂಬಂಧ ಅಲ್ಲಿಗೇ ಬಿಟ್ಟೆ ಅಂತ ತಿಳ್ಕ ಅಣ್ಣ," ಎಂದಳು. ನಾನು ದೇವರ ಗೂಡಿನ ಕಡೆ ತಿರುಗಿ ಮಾತು ಕೊಟ್ಟೆ.

ಎಂಟನೆಯ ಸಂಬಂಧ ತಂದವಳು ಕೊಪ್ಪದ ಅತ್ತೆ. ಶೃಂಗೇರಿಯ ಹತ್ತಿರ ಮೆಣಸೆಯ ಕಡೆಯವರು. ಹುಡುಗನ ತಾಯಿಗೆ ವಾಹನದಲ್ಲಿ ಕೂತರೆ ವಾಂತಿಯಾಗುವುದರಿಂದ ಅಪ್ಪ, ಮಗ ಇಬ್ಬರೇ ಬರುವುದೆಂದಾಯಿತು. ತಂಗಿ ಆರಿಸಿದ ಜಾಗ, ಘಟ್ಟ ಇಳಿದು ಬಯಲುಸೀಮೆಗೆ ಹೋದರೆ ಸಿಗುವ ಒಂದು ಮನರಂಜನಾ ಪಾರ್ಕು. ಮಕ್ಕಳ ಚಿತ್ರಕಥೆಯ ಪುಸ್ತಕವನ್ನೇ ಬಿಡಿಸಿಟ್ಟಂತೆ ಅದನ್ನು ಕಟ್ಟಿದ್ದಾರೆಂದು ಯಾರೋ ಹೇಳಿದ್ದರಂತೆ. ಚಿಕ್ಕವರಿದ್ದಾಗ ನಾವಿಬ್ಬರೂ ಜಗಳವಾಡಿ ಅಂಥದೊಂದು ಪುಸ್ತಕವನ್ನು ನಡುವೆ ಹರಿದು ಪಾಲು ಮಾಡಿಕೊಂಡಿದ್ದೆವು. ಕಥೆಯ ಮೊದಲ ಭಾಗ ನನ್ನ ಬಳಿ, ಕೊನೆ ಅವಳ ಬಳಿ. ಕೊನೆ ಏನಾಯಿತೆಂದು ಅವಳು ಇನ್ನೂ ಹೇಳಿಲ್ಲ.

ಪಾರ್ಕಿನ ಗೇಟಿನಲ್ಲಿ ಎಲೆಅಡಿಕೆ, ಗುಟ್ಕಾ ತಪಾಸಣೆಯಿತ್ತು. ಕಾವಲುಗಾರನಿಗಿಂತ ಮೊದಲು ತಂಗಿಯೇ ನನ್ನ ಜೇಬು ತಡವಿ ನೋಡಿದಳು. ಏನೂ ಇರಲಿಲ್ಲ. ನಾನು ಆ ದಿನ ಋಷಿಯಂತಿದ್ದೆ. ಮೆಣಸೆಯ ಹಿರಿಯರು ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ, ಸ್ಮಾರಕವೊಂದನ್ನು ಅನಾವರಣ ಮಾಡಲು ಬಂದವರಂತೆ ನಡೆದು ಬಂದರು. ಅವರ ಕೈಯಲ್ಲೊಂದು ಸ್ಟೀಲಿನ ಡಬ್ಬಿ. ಕಾವಲುಗಾರ ಕೇಳಿದ್ದಕ್ಕೆ "ಔಷಧಿ" ಎಂದರು. ಆ ಮುಖ ನೋಡಿದ ಮೇಲೆ ಮುಚ್ಚಳ ತೆಗೆಸುವ ಧೈರ್ಯ ಅವನಿಗೆ ಬರಲಿಲ್ಲ.

ಒಳಗೆ ಒಂದೊಂದು ಕಥೆಗೆ ಒಂದೊಂದು ನಾಡು. ರಾಕ್ಷಸರ ನಾಡಿನಲ್ಲಿ ಬಾಯಿ ತೆರೆದ ರಾಕ್ಷಸನ ಹೊಟ್ಟೆಯೊಳಗೆ ರೈಲು ಹೋಗಿ ಕಿವಿಯಿಂದ ಹೊರಬರುತ್ತಿತ್ತು. ಕೋಟು ತೊಟ್ಟ ಪತ್ತೇದಾರ ಕರಡಿಯೊಂದು ಕಾಡಿನ ನಾಡಿನ ಬಾಗಿಲಲ್ಲಿ ನಿಂತು ಕೈಕುಲುಕುತ್ತಿತ್ತು. ಆ ಕಾಡಿನ ಮರ ಸಿಮೆಂಟಿನವು, ಬಳ್ಳಿ ಪ್ಲಾಸ್ಟಿಕ್ಕಿನವು, ಜಲಪಾತ ಸ್ವಿಚ್ಚು ಒತ್ತಿದರೆ ಬರುವಂಥದು. ಹುಟ್ಟಿದಾಗಿನಿಂದ ಕಾಡು ನೋಡುತ್ತ ಬೆಳೆದ ನಾವು ಐವರೂ ಟಿಕೆಟ್ ಹರಿಸಿಕೊಂಡು ಒಳಗೆ ಹೋಗಿ ಶ್ರದ್ಧೆಯಿಂದ ಸುತ್ತಿದೆವು. ಅತ್ತೆ ಮಾತ್ರ ಅಭ್ಯಾಸಬಲದಿಂದ ಆಗಾಗ ಸೀರೆ ಎತ್ತಿ ಜಿಗಣೆ ಹತ್ತಿದೆಯೇ ಎಂದು ಕಾಲು ನೋಡಿಕೊಳ್ಳುತ್ತಿದ್ದಳು.

ಹುಡುಗ, ಹುಡುಗಿ ಮುಂದೆ ಮುಂದೆ ನಡೆದರು, ಅವರ ಹಿಂದೆ ಅತ್ತೆ. ಹಿರಿಯರೂ ನಾನೂ ಒಂದು ಕಲ್ಲುಬೆಂಚಿನ ಮೇಲೆ ಕೂತೆವು. ಚಿತ್ರಕಥೆಯಲ್ಲಿ ಪಾತ್ರಗಳ ತಲೆಯ ಮೇಲೆ ಮಾತು ಬರೆಯುವ ಬಿಳಿ ಗುಳ್ಳೆ ಇರುತ್ತದಲ್ಲ, ಅಂಥದೊಂದನ್ನು ತಗಡಿನಲ್ಲಿ ಮಾಡಿ ಬೆಂಚಿನ ಮೇಲೆ ನಿಲ್ಲಿಸಿದ್ದರು. ಕೆಳಗೆ ಕೂತವರು ಫೋಟೊ ತೆಗೆಸಿಕೊಳ್ಳಲಿ ಎಂದು ಅದನ್ನು ಖಾಲಿ ಬಿಟ್ಟಿದ್ದರು. ಆ ಖಾಲಿ ಗುಳ್ಳೆಯ ಕೆಳಗೆ ಹಿರಿಯರು ಡಬ್ಬಿಯ ಮುಚ್ಚಳ ತೆಗೆದರು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಳೆಯ ಎಲೆ, ಹೋಳು ಮಾಡಿದ ಅಡಿಕೆ, ಲವಂಗ. ಸಾವಕಾಶವಾಗಿ ಎಲೆಯ ನಾರು ತೆಗೆದು, ಸುಣ್ಣ ಸವರಿ, ಮಡಿಸಿ, ಎರಡೂ ಕೈಯಿಂದ ನನ್ನ ಮುಂದೆ ಹಿಡಿದರು.

"ಹಾಕಿ," ಎಂದರು.

ನಮ್ಮ ಕಡೆ ಬೀಗರಾಗಬಹುದಾದವರು ಮೊದಲ ಸಲ ಕೈಯಾರೆ ಕಟ್ಟಿ ಕೊಟ್ಟ ಕವಳವನ್ನು ಬೇಡ ಎಂದರೆ ಸಂಬಂಧವೇ ಬೇಡ ಎಂದಂತೆ. ಹಾಕಿದರೆ ತಂಗಿಗೆ ಕೊಟ್ಟ ಮಾತು ಹೋಯಿತು. ಧರ್ಮಸಂಕಟ ಎಂಬ ಶಬ್ದವನ್ನು ಅಲ್ಲಿಯವರೆಗೆ ನಾನು ಹಗುರಾಗಿ ಬಳಸುತ್ತಿದ್ದೆ. ತಂಗಿ ತಿರುವಿನ ಆಚೆ ಇದ್ದಾಳೆಂದು ಖಚಿತಪಡಿಸಿಕೊಂಡು ಬಾಯಿಗೆ ಹಾಕಿದೆ. ತಮ್ಮದಕ್ಕೆ ಎರಡು ಲವಂಗ ಹೆಚ್ಚಿಗೆ ಸೇರಿಸಿ ಅವರೂ ಹಾಕಿಕೊಂಡರು. ಮಾತು ನಿಂತಿತು.

ಕವಳ ರಸ ಬಿಡುವ ಹೊತ್ತಿಗೆ ಸರಿಯಾಗಿ ಅತ್ತೆ ಬಂದು, ಮಕ್ಕಳು ಹಡಗು ಹತ್ತುತ್ತಿದ್ದಾರೆ, ಎಲ್ಲರೂ ಬರಬೇಕಂತೆ ಎಂದು ಎಬ್ಬಿಸಿದಳು. ಉಗಿಯಲು ಜಾಗವಿರಲಿಲ್ಲ. ಹೆಜ್ಜೆಗೊಂದು ಬೋರ್ಡಿನಲ್ಲಿ ಆ ಪತ್ತೇದಾರ ಕರಡಿ ಬೆರಳೆತ್ತಿ, ಉಗುಳಬೇಡಿ ಎನ್ನುತ್ತಿತ್ತು.

ಕಡಲ್ಗಳ್ಳರ ನಾಡಿನ ಆ ಹಡಗು ಉಯ್ಯಾಲೆಯಂತೆ ಹಿಂದಕ್ಕೂ ಮುಂದಕ್ಕೂ ಜೀಕುತ್ತದೆ. ಅರ್ಧ ಜನ ಈ ತುದಿಯಲ್ಲಿ, ಅರ್ಧ ಜನ ಆ ತುದಿಯಲ್ಲಿ, ಎದುರುಬದುರು. ಹೃದ್ರೋಗಿಗಳೂ ಗರ್ಭಿಣಿಯರೂ ಹತ್ತಬಾರದೆಂದು ಬೋರ್ಡಿತ್ತು. ಕವಳ ಹಾಕಿದವರ ಬಗ್ಗೆ ಚಕಾರವಿರಲಿಲ್ಲ. ಹಿರಿಯರೂ ನಾನೂ ಒಂದು ತುದಿಯಲ್ಲಿ ಕೂತೆವು. ಎದುರಿನ ತುದಿಯಲ್ಲಿ ತಂಗಿ, ತಿಳಿನೀಲಿ ಅಂಗಿಯ ಹುಡುಗ, ಅತ್ತೆ. ಕಬ್ಬಿಣದ ಸರಳು ಬಂದು ತೊಡೆಯ ಮೇಲೆ ಕೂತಿತು.

ಮೊದಲ ನಾಲ್ಕು ಜೀಕಿಗೆ ಹಡಗಿನಲ್ಲಿದ್ದ ಎಲ್ಲರೂ ಕಿರುಚಿದರು. ನಾವಿಬ್ಬರು ಮಾತ್ರ ತುಟಿ ಬಿಗಿದು, ಕಣ್ಣು ಅರೆಮುಚ್ಚಿ, ಸಮಾಧಿ ಸ್ಥಿತಿಯಲ್ಲಿದ್ದೆವು. ಇಂಥ ಗಂಡೆದೆಯವರನ್ನು ನೋಡಿಲ್ಲ ಎಂದು ಪಕ್ಕದವರು ಹೇಳಿದ್ದು ಕೇಳಿಸಿತು. ಐದನೆಯ ಜೀಕಿಗೆ ನಮ್ಮ ತುದಿ ಆಕಾಶಕ್ಕೆ ಏರಿ ಒಂದು ಕ್ಷಣ ಅಲ್ಲೇ ನಿಂತಿತು. ಎದುರಿನವರು ನೇರ ನಮ್ಮ ಕೆಳಗಿದ್ದರು. ನನ್ನ ಪಕ್ಕದಿಂದ "ಅಯ್ಯಯ್ಯಪ್ಪಾ" ಎಂಬ ಉದ್ಗಾರ ಹೊರಟಿತು. ಅದು ಒಂಟಿಯಾಗಿ ಹೊರಡಲಿಲ್ಲ.

ತಿಳಿನೀಲಿ ಅಂಗಿಯ ಎದೆ ಕೆಂಪಾದದ್ದನ್ನು ಕಂಡು ಯಾರೋ ರಕ್ತ ಎಂದರು. ಹಡಗು ನಿಂತಿತು. ಔಷಧಿ ಪೆಟ್ಟಿಗೆ ಹಿಡಿದು ಒಬ್ಬಳು ಓಡಿ ಬಂದಳು. ಹಿಂದೆಯೇ ಮೇಲ್ವಿಚಾರಕ ಬಂದು, ಬಗ್ಗಿ, ಮೂಸಿ ನೋಡಿದ. ಉಗಿದದ್ದು ಯಾರು ಎಂದು ಕೇಳಿದ.

ನಾನು ಹಿರಿಯರ ಕಡೆ ನೋಡಿದೆ. ಅವರು ಮೋಡ ನೋಡುತ್ತಿದ್ದರು. ಅವರ ಕೆನ್ನೆ ಸಪಾಟಾಗಿತ್ತು. ನನ್ನದು ಉಬ್ಬಿತ್ತು. ಆದ್ದರಿಂದ ಇಡೀ ಹಡಗು ನನ್ನನ್ನೇ ನೋಡಿತು. ತಂಗಿಯ ಕಣ್ಣಂತೂ ಕೆನ್ನೆಯಿಂದ ಅಲುಗಲಿಲ್ಲ. ಅವರು ಎಂದರೆ ಅವರ ಕಡೆಯಿಂದ ಸಂಬಂಧ ಮುರಿಯಿತು, ನಾನು ಎಂದರೆ ತಂಗಿಯ ಕಡೆಯಿಂದ. ಬಾಯಿ ತೆರೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಶಾಲೆಯಲ್ಲಿ ತಪ್ಪೊಪ್ಪಿಕೊಳ್ಳುವವರ ಹಾಗೆ ಕೈ ಎತ್ತಿದೆ.

ಹುಡುಗ ಅಂಗಿಯ ಎದೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿಕೊಂಡ. ಕಳೆದುಹೋದ ಕೊಡೆಯನ್ನು ಗುರುತಿಸುವ ಧ್ವನಿಯಲ್ಲಿ ಹೇಳಿದ:

"ಅವರಲ್ಲ ಮಾರಾಯ್ರೆ. ಅವರದ್ದು ಬಾಯಲ್ಲೇ ಇದೆ, ನೋಡಿ. ಇದರಲ್ಲಿ ಲವಂಗ ಜಾಸ್ತಿ. ಇದು ನಮ್ಮ ಅಪ್ಪಯ್ಯಂದು."

ಮೆಣಸೆಯ ಹಿರಿಯರು ಮೋಡದಿಂದ ನಿಧಾನವಾಗಿ ಇಳಿದರು. "ಇಷ್ಟು ಮೇಲೆ ಹೋಗ್ತದೆ ಅಂತ ಯಾರೂ ಹೇಳ್ಲಿಲ್ಲಲ ಮತ್ತೆ," ಎಂದರು. ಮೊದಲು ನಕ್ಕವನು ಹುಡುಗ. ಆಮೇಲೆ ಅತ್ತೆ. ತಂಗಿ ನಗಲಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ಅವಳು ನನ್ನ ಕಡೆ ತಿರುಗಲೂ ಇಲ್ಲ. ಅವರೇ ಕೈಯಾರೆ ಕೊಟ್ಟದ್ದು, ಬೇಡ ಎನ್ನಲಾಗಲಿಲ್ಲ ಎಂದು ಮೂರು ಸಲ ಹೇಳಿದೆ. ಘಾಟಿ ಹತ್ತಿ ತಂಪು ಗಾಳಿ ಬೀಸತೊಡಗಿದ ಮೇಲೆ ಅವಳು ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು:

"ಕೇಳಿದ್ದಕ್ಕೆಲ್ಲ ಊಂ ಅನ್ನೋರು ನಮ್ಮನೇಲಿ ಒಬ್ರು ಇದಾರೆ, ಸಾಕು. ಆ ಹುಡುಗಂಗೆ ಬಾಯಿ ಬಿಡೋಕೆ ಬರ್ತದೆ. ಆಗ್ಲಿ ಅಂತ ಹೇಳು ಅತ್ತೆ."

ನನ್ನನ್ನು ಬಿಟ್ಟು ಅತ್ತೆಗೆ ಹೇಳಿದ್ದು ನನಗಿತ್ತ ಶಿಕ್ಷೆ.

ನಿಶ್ಚಯದ ದಿನ ಎರಡು ಕಡೆಯ ಯಜಮಾನರು ಎದುರು ಕೂತು ಎಲೆಅಡಿಕೆಯ ತಟ್ಟೆ ಬದಲಾಯಿಸಿಕೊಳ್ಳುವುದು ಶಾಸ್ತ್ರ. ಮೆಣಸೆಯ ಹಿರಿಯರೂ ನಾನೂ ಒಬ್ಬರ ಮುಖ ಒಬ್ಬರು ನೋಡದೆ, ಅತ್ಯಂತ ಗಾಂಭೀರ್ಯದಿಂದ ಅದನ್ನು ನೆರವೇರಿಸಿದೆವು. ಹುಡುಗ ಅವರಪ್ಪನ ಎದುರು ಕೂರದೆ ಪಕ್ಕದಲ್ಲಿ ಕೂತಿದ್ದ. ಆದರೂ ಯಾವುದಕ್ಕೂ ಇರಲಿ ಎಂದು ಕಡುಗೆಂಪು ಅಂಗಿ ಹಾಕಿಕೊಂಡು ಬಂದಿದ್ದ.