ನಾಲ್ಕನೆಯ ಹಂಡೆಯ ಜ್ವರ

ಇಲ್ಲದ ಹಂಡೆಗೆ ತಣ್ಣೀರು ಸುರಿಯುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಮಾನ್ವಿಯ ಹೊರಗಿನ ಒಂದು ಎಣ್ಣೆ ಗಿರಣಿಯಲ್ಲಿ, ಹಾಡಹಗಲಿನಲ್ಲಿ. ಅವನೂ ಎಚ್ಚರವಿದ್ದ, ನಾನೂ ಎಚ್ಚರವಿದ್ದೆ.

ಎಂಬತ್ತರ ದಶಕದ ಕೊನೆಯ ಮಾತು. ನಾನಾಗ ರಾಯಚೂರಿನಲ್ಲಿ ಗೇಜು, ಮೀಟರು ರಿಪೇರಿ ಮಾಡಿಕೊಂಡಿದ್ದೆ. ಹೆಗಲಿಗೊಂದು ಚೀಲ, ಚೀಲದಲ್ಲೊಂದು ಮಲ್ಟಿಮೀಟರ್, ತಲೆಯಲ್ಲಿ ಒಂದಿಷ್ಟು ಜಂಬ. ಒಂದು ಬೆಳಿಗ್ಗೆ ಗಿರಣಿಯ ಮಾಲೀಕರಾದ ಶರಣಪ್ಪ ಸಾವ್ಕಾರರಿಂದ ಫೋನು ಬಂತು.

"ಲಗೂನ ಬರ್ರಿ. ಹೊಸಾ ಪೆಟ್ಟಿಗಿ ನಮ್ಮನ್ನ ಹೈರಾಣ ಮಾಡಾಕತ್ತದ."

ಪೆಟ್ಟಿಗೆ ಅಂದರೆ ಪ್ರೋಗ್ರಾಮೆಬಲ್ ಕಂಟ್ರೋಲರ್. ನಮ್ಮ ಕಡೆ ಆಗ ಅದು ಅಪರೂಪದ ಪ್ರಾಣಿ. ಹತ್ತಿಕಾಳನ್ನು ಹಿಂಡುವ ಮೊದಲು ಉಗಿ ಹಂಡೆಗಳಲ್ಲಿ ಬೇಯಿಸುತ್ತಾರಲ್ಲ, ಆ ಹಂಡೆಗಳ ಬಿಸಿಯನ್ನು ಸೆನ್ಸರುಗಳು ವೋಲ್ಟೇಜ್ ಮಾಡಿ ಕಳಿಸುತ್ತವೆ. ಪೆಟ್ಟಿಗೆಯೊಳಗಿನ ಅನಲಾಗ್ ಇನ್‌ಪುಟ್ ಕಾರ್ಡ್ ಅದನ್ನು ಓದಿ ಡಿಗ್ರಿ ಮಾಡಿ ತೋರಿಸುತ್ತದೆ. ಕಾರ್ಡಿಗೆ ನಾಲ್ಕು ಚಾನೆಲ್, ಹಂಡೆಗೊಂದರಂತೆ. ಹೊರಗೆ ಕೆಂಪು ಅಂಕಿಗಳ ನಾಲ್ಕು ಕಿಟಕಿ.

ನಾನು ಕಾಲಿಟ್ಟಾಗ ಹಾರ್ನ್ ಬಾಯಿ ಬಡಿದುಕೊಳ್ಳುತ್ತಿತ್ತು. ಗಿರಣಿ ಬಂದ್. ನಾಲ್ಕನೆಯ ಕಿಟಕಿಯಲ್ಲಿ ನೂರಾ ಒಂದು. ಉಳಿದ ಮೂರಕ್ಕೆ ನೂರಾ ಹತ್ತರವರೆಗೆ ಬಿಡುವು, ನಾಲ್ಕನೆಯದು ಮಾತ್ರ ನೂರು ದಾಟಿದರೆ ಎಲ್ಲವೂ ನಿಲ್ಲಬೇಕೆಂದು ಪೆಟ್ಟಿಗೆ ಕೂರಿಸಿದವರು ಕಟ್ಟಪ್ಪಣೆ ಮಾಡಿ ಹೋಗಿದ್ದರು.

ಸಾವ್ಕಾರರು ಸಿಟ್ಟಿನಲ್ಲಿದ್ದರು. ಪಕ್ಕದಲ್ಲಿ ಬಕೆಟ್ ಹಿಡಿದು ನಿಂತವನು ತಿಮ್ಮಪ್ಪ. ಕುರ್ಡಿ ಹಳ್ಳಿಯವನು, ಹಂಡೆಗಳ ಆಪರೇಟರ್.

"ನಿನ್ನಿ ಇಂವ ಸೂಟಿ ಹಾಕಿದ್ದ, ಮೂರು ಸಲ ಗಿರಣಿ ನಿಂತದ. ಈಗ ಚಾ ಕುಡಿಯಾಕ ಹೋಗಿದ್ದ, ಮತ್ತ ನಿಂತದ! ಇಂವಽ ಏನೋ ಕೈಯಾಡಸ್ತಾನ. ಸಂಜಿಯೊಳಗ ಹೇಳ್ರಿ, ಪೆಟ್ಟಿಗಿ ಕೆಟ್ಟದೋ, ತಿಮ್ಮಪ್ಪ ಕೆಟ್ಟಾನೋ. ಯಾರು ಕೆಟ್ಟಾರೋ ಅವರು ಗೇಟಿನ ಹೊರಗ."

"ಯಪ್ಪಾ, ನಾ ಬಂದು ಹನ್ನೆರಡು ವರ್ಷ ಆತ್ರಿ," ಅಂದ ತಿಮ್ಮಪ್ಪ ನನ್ನ ಮುಖ ನೋಡಿ. "ಪೆಟ್ಟಿಗಿ ಬಂದು ಮೂರು ತಿಂಗಳು. ನೀವಽ ನೋಡ್ರಿ."

ಹಂಡೆ ತೋರಿಸು ಅಂದೆ. ಕರೆದುಕೊಂಡು ಹೋದ. ಒಂದು, ಎರಡು, ಮೂರು ಹಂಡೆ ಸಾಲಾಗಿ. ಆಮೇಲೊಂದು ಸಿಮೆಂಟು ಕಟ್ಟೆ. ಕಿಟಕಿಯಲ್ಲಿ ನೂರಾ ಒಂದು ನೋಡಿದ್ದೆನಲ್ಲ, ಪ್ಯಾಂಟು ಮೇಲೆತ್ತಿಕೊಂಡು ಆ ಕಟ್ಟೆಯಿಂದ ಎರಡು ಮಾರು ದೂರ ಸರಿದೇ ದಾಟಿದೆ. ಆಮೇಲೆ ತಿರುಗಿ ನೋಡಿದರೆ ಕಟ್ಟೆಯ ಮೇಲೆ ಏನೂ ಇಲ್ಲ! (ಇದನ್ನು ಇಷ್ಟು ವರ್ಷ ಹೆಂಡತಿಗೂ ಹೇಳಿಲ್ಲ. ನಿಮ್ಮಲ್ಲೇ ಇರಲಿ.)

"ನಾಲ್ಕನೇ ಹಂಡಿ ಎಲ್ಲೋ?"

"ಇನ್ನಾ ಬಂದಿಲ್ರೀ. ಕಟ್ಟಿ ಅಷ್ಟಽ ಕಟ್ಯಾರ."

"ಮತ್ತ ಕಾಯಾಕತ್ತಿರೋದು ಏನು?"

"ನಾಕನೇ ಹಂಡಿ."

ಇಷ್ಟು ಹೇಳಿ ತಿಮ್ಮಪ್ಪ ತನ್ನ ಕೆಲಸಕ್ಕೆ ಹತ್ತಿದ. ಕೈ ಸುಟ್ಟೀತೆಂದು ಮೊದಲು ಎಲ್ಲ ಹಂಡೆಗಳಿಗೂ ಹೋಗುವ ಉಗಿಯ ವಾಲ್ವ್ ಬಂದ್ ಮಾಡಿದ. ಆಮೇಲೆ ಖಾಲಿ ಕಟ್ಟೆಯ ಮೇಲೆ ಬಕೆಟ್ ನೀರು ಸುರಿದ. ನಿಧಾನವಾಗಿ ಸುತ್ತಲೂ, ಎಲ್ಲ ಕಡೆ ಸಮನಾಗಿ. ಸ್ವಲ್ಪ ಹೊತ್ತಿಗೆ ನಾಲ್ಕನೆಯ ಕಿಟಕಿಯಲ್ಲಿ ತೊಂಬತ್ತೆಂಟು. ಆಮೇಲೆ ತೊಂಬತ್ತನಾಲ್ಕು.

"ಇಳೀತೋ ಇಲ್ಲೋ ಹೇಳ್ರಿ?" ಅಂದ, ಜ್ವರ ಇಳಿಸಿದ ಡಾಕ್ಟರನ ಗತ್ತಿನಲ್ಲಿ.

"ಲೇ ತಿಮ್ಮಪ್ಪ, ಅಲ್ಲಿ ಹಂಡಿನಽ ಇಲ್ಲಲ್ಲೋ!"

"ಕಾಣಂಗಿಲ್ಲ ಅಂದ್ರ ಕಾಯಂಗಿಲ್ಲೇನ್ರೀ? ಕರೆಂಟ್ ಕಾಣ್ತದೇನು? ಬೇಕಾದ್ರ ಆ ಸಿಪ್ಪಿ ಸುಲದ ವೈರ್ ಮುಟ್ಟಿ ನೋಡ್ರಿ."

ನಾನು ಮುಟ್ಟಲಿಲ್ಲ. ಚೀಲ ಬಿಚ್ಚಿದೆ.

ನಮ್ಮ ಕಸುಬಿನಲ್ಲಿ ಒಂದು ನೇಮವಿದೆ. ಕಾರ್ಡಿನ ಮೇಲೆ ತಪ್ಪು ಹೊರಿಸುವ ಮುಂಚೆ, ಸೆನ್ಸರ್ ತಂತಿ ಬಿಚ್ಚಿ, ನಮಗೆ ಗೊತ್ತಿರುವ ವೋಲ್ಟೇಜನ್ನು ಅದಕ್ಕೆ ಉಣಿಸಿ ನೋಡಬೇಕು. ಒಂದೂವರೆ ವೋಲ್ಟಿನ ಒಂದು ಸೆಲ್ ಕೊಟ್ಟರೆ ಆ ಕಾರ್ಡು ನಲವತ್ತೈದು ತೋರಿಸಬೇಕು, ಎರಡು ಕೊಟ್ಟರೆ ತೊಂಬತ್ತು. ಆದರೆ ಸೆಲ್ ಎಲ್ಲಿ? ಇಡೀ ಗಿರಣಿಯಲ್ಲಿ ಇದ್ದವು ಎರಡೇ. ಸಾವ್ಕಾರರ ರೇಡಿಯೋದೊಳಗೆ. ಅದರಲ್ಲಿ ಕ್ರಿಕೆಟ್ ಕಾಮೆಂಟ್ರಿ ಬರುತ್ತಿತ್ತು.

"ಈಗಽ? ಎರಡು ಓವರ್ ಉಳ್ದಾವ್ರೀ!"

"ತಿಮ್ಮಪ್ಪನ ನೌಕರಿ ಪ್ರಶ್ನಿ ಅದ, ಸಾವ್ಕಾರ್ರ."

"ತಿಮ್ಮಪ್ಪಂದು ಸಂಜೀಗೆ. ಮ್ಯಾಚು ಈಗ."

ಕೊನೆಗೆ ನಾನೇ ರೇಡಿಯೋದ ಬೆನ್ನು ಬಿಚ್ಚಿದೆ. (ಆ ಮ್ಯಾಚು ಗೆದ್ದವರು ಯಾರೋ, ನನಗೆ ಇವತ್ತಿಗೂ ಗೊತ್ತಿಲ್ಲ.)

ಒಂದನೆಯ ಚಾನೆಲ್ಲಿಗೆ ಒಂದು ಸೆಲ್ ಕೊಟ್ಟೆ. ನಲವತ್ತೈದು. ಎರಡು ಕೊಟ್ಟೆ. ತೊಂಬತ್ತು. ಎರಡನೆಯದೂ ಬರೋಬ್ಬರಿ, ಮೂರನೆಯದೂ ಬರೋಬ್ಬರಿ, ನಾಲ್ಕನೆಯದೂ ಬರೋಬ್ಬರಿ. ಕಾರ್ಡು ಗುಂಡುಕಲ್ಲಿನಂತಿತ್ತು. ತಿಮ್ಮಪ್ಪನ ಮುಖ ಇಳಿಯಿತು. ಪೆಟ್ಟಿಗೆ ಕೆಟ್ಟಿಲ್ಲ ಅಂದರೆ ಕೆಟ್ಟವನು ಯಾರು?

ಇನ್ನೊಂದು ಸಲ ನೋಡೋಣವೆಂದು ಎರಡೂ ಸೆಲ್ ಮೂರನೆಯ ಚಾನೆಲ್ಲಿಗೆ ಕೊಟ್ಟೆ. ಸೆನ್ಸರೇ ಇಲ್ಲದ ನಾಲ್ಕನೆಯದಕ್ಕೆ ಏನೂ ಕೊಡಲಿಲ್ಲ. ಮೂರರಲ್ಲಿ ತೊಂಬತ್ತು. ನಾಲ್ಕರಲ್ಲಿ ಎಂಬತ್ತೆಂಟು! ಒಂದು ಸೆಲ್ ತೆಗೆದೆ. ಮೂರರಲ್ಲಿ ನಲವತ್ತೈದು, ನಾಲ್ಕರಲ್ಲಿ ನಲವತ್ತನಾಲ್ಕು.

ಸಿಕ್ಕಿಬಿತ್ತು ಕಳ್ಳ.

"ತಿಮ್ಮಪ್ಪ, ಮಂದಿ ಎಣಸಾಕ ಜನಗಣತಿಯಾಂವ ಬರ್ತಾನಲ್ಲ? ಈ ಕಾರ್ಡಿನೊಳಗ ಅಂಥಾಂವ ಒಬ್ಬನಽ ಇರ್ತಾನ. ಓಡಿಕೋತ ನಾಕೂ ಮನಿ ಕೇಳ್ತಾನ. ಮೂರನೇ ಮನ್ಯಾಗ ಎಷ್ಟು ಮಂದಿ? ಐದು. ನಾಕನೇ ಮನಿ ಬಾಗಿಲಾ ಹಾಕ್ಯದ. ಕಿವ್ಯಾಗ ಇನ್ನಾ ಐದು ಗುಂಯ್ ಅನ್ನಾಕತ್ತಿರ್ತದ. ಅದನ್ನಽ ಬರಕೊಂಡು ಹೋಗಿಬಿಡ್ತಾನ."

"ಅಂದ್ರ ನಾಕನೇದು ಬಾಜೂ ಮನಿದು ಕೇಳಿ ಹೇಳಾಕತ್ತಿತ್ತೇನ್ರೀ?"

"ಹ್ಞೂಂ. ನೀ ವಾಲ್ವ್ ಬಂದ್ ಮಾಡಿದ್ದಕ್ಕ ಮೂರನೇದು ತಣ್ಣಗಾತು. ಅದರ ಹಿಂದ ಇದೂ ಇಳೀತು. ನೀ ಇದ್ದಾಗ ಗಿರಣಿ ನಿಲ್ಲದಿದ್ದುದೂ ಅದಕ್ಕಽ."

"ಮತ್ತ ನನ್ನ ನೀರು?"

"ಕಟ್ಟಿ ತೊಳದಂಗಾತು."

ಮದ್ದು ಸರಳ. ಖಾಲಿ ಚಾನೆಲ್ಲಿನ ಎರಡು ತುದಿಗಳಿಗೆ ಒಂದು ಇಂಚು ತಂತಿ ಸೇರಿಸಿದೆ, ಬಾಗಿಲು ಹಾಕಿದ ಮನೆಗೆ 'ಯಾರೂ ಇಲ್ಲ' ಎಂಬ ಬೋರ್ಡು ತೂಗುಹಾಕಿದಂತೆ. ನಾಲ್ಕನೆಯ ಕಿಟಕಿಯಲ್ಲಿ ಸೊನ್ನೆ. ಮೂರನೆಯದು ಏನು ಕೂಗಿದರೂ ಸೊನ್ನೆ.

ಸಾವ್ಕಾರರಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

"ಅಂದ್ರ ಪೆಟ್ಟಿಗಿ ಕೆಟ್ಟಿಲ್ಲ. ಇಂವಽ ಕೆಟ್ಟಾನ! ಇಲ್ಲದ ಹಂಡಿದು ಬಿಸಿ ತಾಸಿಗೊಮ್ಮಿ ರಿಜಿಸ್ಟರ್‌ನ್ಯಾಗ ಬರದಾನಂದ್ರ ಇಂವ ಎಂಥಾಂವ? ನಡಿಯೋ ಗೇಟಿನ ಹೊರಗ!"

ತಿಮ್ಮಪ್ಪ ಬಕೆಟ್ ಕೆಳಗಿಟ್ಟ. "ನಾಕೂ ಕಿಟಕ್ಯಾಗಿಂದು ಬರಿ ಅಂದ್ರಿ, ಬರದ್ನಿ," ಅಂದ. ಧ್ವನಿ ಸಣ್ಣಗಾಗಿತ್ತು.

ನಾನು ರಿಜಿಸ್ಟರ್ ತೆರೆದೆ. ನಾಲ್ಕನೆಯ ಹಂಡೆಯ ಬಿಸಿ ತಾಸು ತಪ್ಪದೆ ದುಂಡಗಿನ ಅಕ್ಷರದಲ್ಲಿತ್ತು. ಪ್ರತಿ ಪುಟದ ಕೆಳಗೆ ಹಸಿರು ಶಾಯಿಯ ಸಹಿ. ಸಾವ್ಕಾರರದು. ಒಂದು ಪುಟದಲ್ಲಂತೂ ಅವರದೇ ಕೈಬರಹದ ಷರಾ: 'ನಾಲ್ಕನೆಯ ಹಂಡೆಯ ಕೆಲಸ ತೃಪ್ತಿಕರ.'

"ಸಾವ್ಕಾರ್ರ," ಅಂದೆ, "ಗೇಟಿನ ಹೊರಗ ಒಬ್ಬರೋ, ಇಬ್ಬರೋ?"

ಅವರು ಷರಾ ಓದಿದರು. ಇನ್ನೊಮ್ಮೆ ಓದಿದರು. ರಿಜಿಸ್ಟರ್ ಮುಚ್ಚಿದರು.

"ತಿಮ್ಮಪ್ಪ, ಮೂರು ಚಾ ಹೇಳು. ನಿಂದೂ ಹಿಡದು."

ರಾಯಚೂರಿನ ಬಸ್ಸಿನಲ್ಲಿ ಕೂತು ಒಬ್ಬನೇ ನಗುತ್ತಿದ್ದೆ. ಪಕ್ಕದವರು "ಹ್ವಾದ ವರ್ಷಕ್ಕಿಂತ ಈ ವರ್ಷ ಬಿಸಿಲು ಭಾಳ," ಅಂದರು. "ಹೌದ್ರಿ, ಭಾಳ," ಅಂದೆ. ಹೋದ ವರ್ಷದ ಬೇಸಿಗೆಯಲ್ಲಿ ನಾನು ಊರಲ್ಲೇ ಇರಲಿಲ್ಲ! ಅದರ ಮುಂದಿನ ವಾರ ದೇವದುರ್ಗದ ಮದುವೆಯಲ್ಲಿ ಬಲಗಡೆಯವರು "ಬದನಿಕಾಯಿಗೆ ಉಪ್ಪು ಕಮ್ಮಿ," ಅಂದರು. "ಬರೋಬ್ಬರಿ ಹೇಳಿದ್ರಿ," ಅಂದೆ. ನನ್ನ ಎಲೆಗೆ ಬದನೆಕಾಯಿ ಇನ್ನೂ ಬಂದಿರಲಿಲ್ಲ. ನಮ್ಮಲ್ಲಿ ಖಾಲಿ ಚಾನೆಲ್ಲುಗಳು ಎಷ್ಟಿವೆಯೋ!

ಎರಡು ತಿಂಗಳಾದ ಮೇಲೆ ನಾಲ್ಕನೆಯ ಹಂಡೆ ನಿಜವಾಗಿಯೂ ಬಂತು. ಸೆನ್ಸರ್ ಕೂರಿಸಲು ನಾನೇ ಹೋದೆ. ತುಂಡು ತಂತಿ ಕಿತ್ತು ಜೋಡಣೆ ಮಾಡಿದೆ. ಉಗಿ ಬಿಟ್ಟು ತಾಸಾದರೂ ಅಂಕಿ ಅರವತ್ತು ದಾಟಲೊಲ್ಲದು. ತಿಮ್ಮಪ್ಪ ಹೊಸ ಹಂಡೆಯನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟ.

"ಇಲ್ಲದಿದ್ದಾಗಽ ಚಲೋ ಕಾಯ್ತಿತ್ತು ನೋಡ್ರಿ."

"ಹೌದಪ್ಪಾ, ಹೌದು," ಅಂದುಬಿಟ್ಟೆ ನಾನು.

ಆ ಒಂದು ಇಂಚು ತಂತಿ ಎಲ್ಲಿಟ್ಟೆ? ಈಗ ನನಗೇ ಬೇಕಲ್ಲ!