ಮುಗೀತು ಎಂದರೂ ನಿಲ್ಲದ ಪರದೆ

ರಾಮನಗರದ ಒಂದು ರೇಷ್ಮೆ ಶೆಡ್ಡಿನಲ್ಲಿ ನನ್ನ ಕೆಲಸ. ಬಿಸಿನೀರಿನಲ್ಲಿ ತೇಲುವ ಗೂಡುಗಳ ನಡುವೆ ಕೈಯಾಡಿಸಿ ಎಳೆಯ ತುದಿ ಹುಡುಕಿ ಕೊಡಬೇಕು. ಬೆರಳ ತುದಿಯ ಚರ್ಮ ಸದಾ ಬೆಳ್ಳಗೆ ಉಬ್ಬಿ ಸುಲಿದಿರುತ್ತದೆ. ಮಗಳು ಹೈಸ್ಕೂಲು ಸೇರಿದ ವರ್ಷ ನಾನೂ ಸಂಜೆಯ ಕಂಪ್ಯೂಟರ್ ಕ್ಲಾಸಿಗೆ ಸೇರಿದೆ. ಆ ಬೆರಳುಗಳಲ್ಲಿ ಒಂದೊಂದೇ ಕೀ ಹುಡುಕಿ ಒತ್ತುತ್ತಿದ್ದೆ.

ಪರೀಕ್ಷೆಯ ಬೆಳಿಗ್ಗೆ ಶೆಡ್ಡಿನ ಯಜಮಾನರು, ನಮ್ಮ ಸಾಬ್ರು, ಕರೆದು ಹೇಳಿದರು: "ಪಾಸ್ ಆಗ್ಬುಟ್ಟು ಬಾ ಭಾಯ್. ನೀರಿಂದ ಎಬ್ಬಿಸಿ ಆಫೀಸ್ ಕಂಪ್ಯೂಟರ್ ಮುಂದೆ ಕೂರುಸ್ತೀನಿ. ಆಗ್ನಿಲ್ಲ ಅಂದ್ರೆ ಬೇರೆಯವ್ರು ಬತ್ತಾರೆ, ಕೆಲ್ಸ ಕಾಯಾಕಿಲ್ಲ."

ಪರೀಕ್ಷೆಯಲ್ಲಿ, ಸಾಲುಗಳನ್ನು ಓದಿಕೊಂಡು ಕೊನೆಗೆ ಎಷ್ಟು ಸಾಲು ಬಂದವೆಂದು ತೋರಿಸುವ ಪ್ರೋಗ್ರಾಮ್ ಬರೆಯಬೇಕಿತ್ತು. ಕ್ಲಾಸಿನಲ್ಲಿ ಬರೆದದ್ದೇ. ಬರೆದೆ. ಓಡಿಸಿದೆ. ಕಪ್ಪು ಪರದೆ ಬಂತು, ಕರ್ಸರ್ ಮಿಟುಕಿತು, ಅಷ್ಟೇ. ನಾನು ಕಾಯುತ್ತಾ ಕೂತೆ.

ಕಾಯುವುದು ನನಗೆ ಅಪ್ಪನಿಂದ ಬಂದದ್ದು. ಮಾಗಡಿ ಕಡೆ ದನದ ದಲ್ಲಾಳಿಯಾಗಿದ್ದರು. ಟವೆಲ್ಲಿನಡಿ ದಲ್ಲಾಳಿ, ಗಿರಾಕಿ ಇಬ್ಬರ ಕೈ ಸೇರುತ್ತದೆ, ಬೆರಳಲ್ಲೇ ರೇಟು ಆಡುತ್ತದೆ, ಬಾಯಲ್ಲಿ ಮಾತಿಲ್ಲ. "ಮೊದ್ಲು ಬಾಯ್ ಬುಟ್ಟೋನು ಕೆಟ್ಟ ಕಣ್ಲಾ" ಎನ್ನುತ್ತಿದ್ದರು. ಪರದೆಯೇ ಮೊದಲು ಏನಾದರೂ ಕೇಳಲಿ ಎಂದು ನಾನು ಸುಮ್ಮನಿದ್ದೆ. ಅದೂ ಸುಮ್ಮನಿತ್ತು.

ಪಕ್ಕದ ಸೀಟಿನಲ್ಲಿದ್ದವನು ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವನು, ನನ್ನ ಹಾಗೆಯೇ ತಡವಾಗಿ ಓದಲು ಬಂದವನು. ಪಿಸುಗುಟ್ಟಿದ: "ಏನ್ಲಾ ಹಂಗ್ ನೋಡ್ತಿದೀಯ, ಹೆಣ್ ನೋಡಕ್ ಬಂದಿದೀಯಾ? ಅದು ನಿನ್ನೇ ಕಾಯ್ತಾ ಐತೆ. ಬರಿಯೋ!"

ಬರೆದೆ. ನನ್ನ ಹೆಸರು, ಎಂಟರ್. ಊರು, ಎಂಟರ್. ಕರ್ಸರ್ ಕೆಳಗಿನ ಸಾಲಿಗೆ ಇಳಿಯಿತು, ಉತ್ತರ ಬರಲಿಲ್ಲ. ಇನ್ನೇನು ಬೇಕೋ ಎಂದು ಹೆಂಡತಿ ಹೆಸರನ್ನೂ ಕೊಟ್ಟೆ. ಕ್ಲಾಸಿನಲ್ಲಿ ಯಾವಾಗಲೂ ಫೈಲಿನಿಂದ ಓದಿಸುತ್ತಿದ್ದೆವು. ಫೈಲು ಮುಗಿದರೆ ಪ್ರೋಗ್ರಾಮಿಗೆ ತಾನಾಗಿ ತಿಳಿಯುತ್ತಿತ್ತು. ನಾವೇ ಟೈಪ್ ಮಾಡಿ ಕೊಡುವಾಗ ಮುಗಿಯಿತೆಂದು ಅದಕ್ಕೆ ಹೇಗೆ ತಿಳಿಸುವುದು? ನನಗೆ ಗೊತ್ತಿರಲಿಲ್ಲ.

ಇಂಗ್ಲಿಷ್ ಅಕ್ಷರದಲ್ಲಿ 'ಮುಗೀತು' ಎಂದು ಹೊಡೆದೆ. ಅದನ್ನೂ ಒಂದು ಸಾಲೆಂದು ನುಂಗಿತು. 'ಸಾಕು' ಎಂದೆ. 'ಸ್ಟಾಪ್' ಎಂದೆ. ಕೊನೆಗೆ 'ಪ್ಲೀಸ್' ಎಂದೂ ಹೊಡೆದೆ. ಎಲ್ಲವನ್ನೂ ತೆಗೆದುಕೊಂಡು ಇನ್ನೂ ಕೊಡು ಎಂಬಂತೆ ಮಿಟುಕುತ್ತಿತ್ತು. ಗೊಂಬೆಯವನ ಕಡೆ ನೋಡಿದೆ. ಮೇಲ್ವಿಚಾರಕರು ಅಲ್ಲೇ ನಿಂತಿದ್ದರಿಂದ ಅವನು ತಲೆ ಎತ್ತಲಿಲ್ಲ.

ಗಂಟೆ ಹೊಡೆಯಿತು. ಪರೀಕ್ಷಕರು ಬಂದು ಪರದೆ ನೋಡಿದರು. "ಔಟ್‌ಪುಟ್ ಎಲ್ರೀ?"

"ಬರ್ತಾ ಇಲ್ಲ ಸಾರ್. ಮುಗೀತು ಅಂತ ಎಷ್ಟ್ ಹೇಳಿದ್ರೂ ಕೇಳ್ತಿಲ್ಲ."

ಅವರು ಹಾಳೆಯಲ್ಲಿ ಏನೋ ಗುರುತು ಹಾಕಿದರು. ಆಮೇಲೆ ಬಗ್ಗಿ ಕಂಟ್ರೋಲ್ ಮತ್ತು ಡಿ, ಎರಡು ಕೀ ಒಟ್ಟಿಗೆ ಒತ್ತಿದರು. ಸಾಲುಗಳ ಲೆಕ್ಕ ತಟ್ಟನೆ ಬಂತು. ಸರಿಯಾಗಿತ್ತು, ನನ್ನ 'ಪ್ಲೀಸ್' ಕೂಡ ಅದರಲ್ಲಿ ಸೇರಿತ್ತು.

"ಸರಿ ಐತಲ್ಲ ಸಾರ್!"

"ಟೈಮ್ ಒಳಗೆ ನೀವೇ ತೋರಿಸ್ಬೇಕಿತ್ತು," ಎಂದು ಅವರು ಮುಂದಿನ ಸೀಟಿಗೆ ಹೋದರು.

ಮುಗಿಯಿತೆಂದು ಅದಕ್ಕೆ ತಿಳಿಸಬೇಕಿದ್ದದ್ದು ಮಾತಿನಲ್ಲಲ್ಲ, ಬೆರಳ ಸನ್ನೆಯಲ್ಲಿ. ವ್ಯಾಪಾರ ಮುಗಿದರೆ ಅಪ್ಪ ಟವೆಲ್ಲಿನಡಿಯಿಂದ ಕೈ ಎಳೆದುಕೊಳ್ಳುತ್ತಿದ್ದರು, ಹೇಳುತ್ತಿರಲಿಲ್ಲ. ಅದನ್ನು ಕಂಡು ಬೆಳೆದ ನನಗೇ ಪರೀಕ್ಷೆಯಲ್ಲಿ ಹೊಳೆಯಲಿಲ್ಲ.

ಫಲಿತಾಂಶ ಬಂದ ದಿನ ಸಾಬ್ರು ಕೇಳಿದರು, "ಏನಾಯ್ತು ಭಾಯ್?"

"ಫೇಲ್ ಸಾಬ್. ಬರ್ದಿದ್ದು ಸರೀನೇ ಇತ್ತು. ನಿಲ್ಸಾದು ಗೊತ್ತಾಗ್ನಿಲ್ಲ."

ಅವರು ನನ್ನ ಕೈಗಳನ್ನು ನೋಡಿದರು. "ಆ ಕಂಪ್ಯೂಟರ್ ಜಾಗಕ್ಕೆ ಸೋಮವಾರದಿಂದ ಒಬ್ರು ಬತ್ತಾವ್ರೆ," ಎಂದರು.

ನಾನು ಶರ್ಟಿನ ತೋಳು ಮಡಚಿದೆ. ನೀರು ಆಗಲೇ ಕಾದಿತ್ತು.